ಆಸನಶುದ್ಧಿ

ಪೂಜೆಗೆ ಕುಳ್ಳಿರುವವನು ಮೊದಲು ಆಸನವನ್ನು ಶುದ್ಧಿಗೊಳಿಸಬೇಕೆಂಬುದು ನಮ್ಮ ಮನೆಗಳಲ್ಲಿ ನಡೆದುಬಂದ ಸಂಪ್ರದಾಯವಷ್ಟೆ. ಕುಳಿತ ಎಡೆಯು ನೆಟ್ಟಗಿಲ್ಲದವನಿಗೆ ಹಿಡಿದ ಕಾರ್ಯವೂ ನೆಟ್ಟಗಾಗದೆಂಬುದೇ ಅದರ ತಾತ್ಪರ್ಯವೆಂದು ನಾವು ಬಗೆದಿದ್ದೇವೆ. ಈ ಮಾತು ಹಳೆಯ ಮೋಟಾರುಬಂಡಿಯ ಆಸನಕ್ಕೂ ಸಲ್ಲುವುದೆಂದರೆ ವಾಚಕರು ನಗಬಾರದು.

ಅಮೆರಿಕದ ರೈತರೂ ಕಸಬುದಾರರೂ ಬಹುವಾಗಿ ಬಳಸುವ ಪಿಕಪ್ ಟ್ರಕ್ಕಿನಲ್ಲಿ ಹಿಂದೆ ಸರಕಿಗೆ ತೆರೆದ ತೊಟ್ಟಿ, ಮುಂದೆ ಜನರಿಗೆ ಪುಟ್ಟ ಕೋಣೆ. ಹಳೆಯ ಟ್ರಕ್ಕುಗಳಲ್ಲಿ ಆ ಕೋಣೆಯ ಅಗಲಕ್ಕೂ ಬೆಂಚಿನಂತೆ ಒಂದೇ ಸೀಟು. ತಂದೆತಾಯಿಗಳೂ ನಡುವೆ ಮಗುವೂ ಒಂದೇ ಸಾಲಿನಲ್ಲಿ ಕುಳಿತು ಸಂತೆಗೆ ಹೋಗಬಹುದು. 1967ರಿಂದ 1972ರ ವರೆಗೆ ತಯಾರಾದ ಷೆವ್ರೊಲೆ ಸಿ-10 ಅಂಥದೊಂದು. ಅದನ್ನು ಇಂದಿಗೂ ಅಕ್ಕರೆಯಿಂದ ಕಾಪಾಡಿ ಓಡಿಸುವವರುಂಟು. ಕಾಲಕ್ರಮದಲ್ಲಿ ಸೀಟಿನ ಸ್ಪ್ರಿಂಗು ಕುಸಿದು, ಮೆತ್ತೆ ಪುಡಿಯಾಗಿ, ಹೊದಿಕೆ ಹರಿಯಲು, ಬೇರೊಂದನ್ನು ಕೊಂಡು ಕೂರಿಸುವರು. ಆಗ ಎಲ್ಲರೂ ಹೊದಿಕೆಯ ಬಣ್ಣವನ್ನು ನೋಡುವರೇ ಹೊರತು ಕೆಳಗಿನ ನೆಲವನ್ನು ನೋಡುವವರು ವಿರಳ.

ಓಡುವ ಬಂಡಿ ಫಕ್ಕನೆ ಏನನ್ನಾದರೂ ತಾಗಿ ನಿಂತರೆ ಸೀಟು ಮುಂದಕ್ಕೆ ಚಿಮ್ಮಲೆಳಸುವುದು. ಸೀಟಿನ ಬಂಧನವು ಅದರ ತೂಕದ 20 ಮಡಿ ಬಲವನ್ನು ತಾಳಬೇಕೆಂದು ಅಮೆರಿಕ ಸರ್ಕಾರದ 207ನೆಯ ಸುರಕ್ಷತಾ ನಿಯಮವು ವಿಧಿಸಿದೆ. ಸೀಟು 30 ಕಿಲೋಗ್ರಾಂ ತೂಗಿದರೆ 600 ಕಿಲೋಗ್ರಾಂ ಭಾರದಷ್ಟಾಯಿತು. ತುಕ್ಕು ತಿಂದು ಕಾಗದದಂತಾದ ತಗಡಿಗೆ ಎಷ್ಟು ಗಟ್ಟಿಯಾದ ಬೋಲ್ಟು ಹಾಕಿದರೇನು?

ಆದುದರಿಂದ ಮೊದಲು ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿಡತಕ್ಕದ್ದು. ಜಡ್ಡುಗಟ್ಟಿದ ಬೋಲ್ಟುಗಳಿಗೆ ತುಕ್ಕುಬಿಡಿಸುವ ಎಣ್ಣೆಯನ್ನು ಹಾಕಿ, ನೆನೆಯಬಿಟ್ಟು, ಆಮೇಲೆ ತಿರುಗಿಸಬೇಕು. ಇಬ್ಬರು ಹಿಡಿದು ಹಳೆಯ ಸೀಟನ್ನು ಹೊರತೆಗೆದ ಬಳಿಕ ನೆಲಹಾಸನ್ನೆತ್ತಿ ತಗಡನ್ನು ಪರೀಕ್ಷಿಸಬೇಕು. ಮೇಲ್ಮೈಯ ತುಕ್ಕಾದರೆ ತಂತಿಯ ಬ್ರಷ್ಷಿನಿಂದ ತಿಕ್ಕಿ ಬಣ್ಣ ಬಳಿದರೆ ಸಾಕು. ತೂತು ಬಿದ್ದಿದ್ದರೆ ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಲೇಬೇಕು.

ಇಲ್ಲಿಯೇ ದೊಡ್ಡ ಗಂಡಾಂತರವಿರುವುದು. ನಾವು ಹೇಳಿದ ಆ ಟ್ರಕ್ಕಿನಲ್ಲಿ ಪೆಟ್ರೋಲ್ ಟ್ಯಾಂಕು ಕೋಣೆಯೊಳಗೇ, ಸೀಟಿನ ಬೆನ್ನಿಗೇ ಇದೆ. 1973ರ ಹೊಸ ಮಾದರಿಯಲ್ಲಷ್ಟೇ ಅದು ಕೋಣೆಯಿಂದ ಹೊರಬಿದ್ದಿತು. ಟ್ಯಾಂಕನ್ನು ಬಿಚ್ಚಿ ದೂರ ಸಾಗಿಸುವವರೆಗೆ ಬೆಸುಗೆಯ ಕಿಡಿಯನ್ನು ಹತ್ತಿರ ತರಕೂಡದು. ಬರಿದಾದ ಟ್ಯಾಂಕಾದರೂ ಒಳಗಿನ ಆವಿಯಿಂದ ಸಿಡಿಯಬಲ್ಲುದು. ಈ ಕೆಲಸವನ್ನು ನುರಿತ ಕೆಲಸಗಾರನಿಗೇ ಒಪ್ಪಿಸುವುದು ಲೇಸು.

ನೆಲ ಗಟ್ಟಿಯಾಯಿತೆಂದಮೇಲೆ ಹಳೆಯ ಹಾಗೂ ಹೊಸ ಸೀಟುಗಳ ರಂಧ್ರಗಳ ಅಂತರವನ್ನು ಉದ್ದಕ್ಕೂ ಅಡ್ಡಕ್ಕೂ ಅಳೆದು ನೋಡಬೇಕು. ಸೀಟು ಜಾರುವ ಹಳಿಗಳನ್ನು ತೊಳೆದು ಎಣ್ಣೆಯಿಡಬೇಕು. ಬೆಲ್ಟುಗಳನ್ನು ಮೊದಲೇ ಮೇಲಕ್ಕೆಳೆದಿಟ್ಟರೆ ಅವು ಸೀಟಿನಡಿ ಸಿಕ್ಕಿಕೊಳ್ಳುವುದಿಲ್ಲ. ಎಲ್ಲ ಬೋಲ್ಟುಗಳನ್ನೂ ಕೈಯಿಂದಲೇ ಒಂದೆರಡು ಸುತ್ತು ಹತ್ತಿಸಿ, ಅನಂತರವೇ ಸ್ಪ್ಯಾನರಿನಿಂದ ಬಿಗಿಯಬೇಕು. ಒಂದನ್ನೇ ಮೊದಲು ಪೂರ್ತಿ ಬಿಗಿದರೆ ಮಿಕ್ಕವು ರಂಧ್ರಕ್ಕೆ ಸೇರವು. ಬೋಲ್ಟು ಸವೆದಿದ್ದರೆ ಕೈಗೆ ಸಿಕ್ಕಿದುದನ್ನು ಹಾಕಬಾರದು. ಅಮೆರಿಕದ ಬೋಲ್ಟುಗಳ ತಲೆಯ ಮೇಲೆ ಮೂರು ಗೆರೆಯಿದ್ದರೆ ಐದನೆಯ ದರ್ಜೆ, ಆರಿದ್ದರೆ ಇನ್ನೂ ಬಲವಾದ ಎಂಟನೆಯ ದರ್ಜೆ. ಗೆರೆಯೇ ಇಲ್ಲದುದು ಈ ಕೆಲಸಕ್ಕೆ ಬಾರದು.

ಮೂವರು ಕುಳಿತುಕೊಳ್ಳುವಲ್ಲಿ ಮೂರು ಬೆಲ್ಟುಗಳಿರಬೇಕು. ನಡುವಿನ ಮಗುವನ್ನು ತಾಯಿಯ ಕೈ ಹಿಡಿದಿರಲಾರದು. ಹೊದಿಕೆಯ ವಿಷಯದಲ್ಲಿಯೂ ನಿಯಮವುಂಟು: ವಾಹನದೊಳಗಿನ ಬಟ್ಟೆಗೆ ಬೆಂಕಿ ತಗುಲಿದರೆ ಅದು ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಹಬ್ಬಬಾರದೆಂದು 1972ರಲ್ಲಿ ಜಾರಿಗೆ ಬಂದ 302ನೆಯ ನಿಯಮವು ಹೇಳುತ್ತದೆ. ಅಂದದ ಬಟ್ಟೆಯನ್ನು ಆರಿಸುವವರು ಇದನ್ನು ಕೇಳಿ ಕೊಳ್ಳಲಿ.

ಕಡೆಗೆ ಚಾಲಕನ ಸ್ಥಾನದಲ್ಲಿ ಕುಳಿತು ಕಾಲು ಬ್ರೇಕನ್ನು ಪೂರ್ತಿ ಒತ್ತಬಲ್ಲುದೇ, ತಲೆ ಮೇಲ್ಛಾವಣಿಗೆ ತಾಗದೇ ಎಂದು ನೋಡಬೇಕು. ಸೀಟನ್ನು ಹಿಂದುಮುಂದು ಜರುಗಿಸಿ, ಎರಡು ಹಳಿಗಳ ಕೊಂಡಿಯೂ ಕಚ್ಚಿತೇ ಎಂದು ಅಲುಗಿಸಿ ನೋಡಬೇಕು. ಕೆಲವು ದಿನ ಓಡಿಸಿದಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯತಕ್ಕದ್ದು.

ನಮ್ಮಲ್ಲಿ ಹಳೆಯ ಜೀಪುಗಳನ್ನಿಟ್ಟುಕೊಂಡವರಿಗೂ ಈ ವಿವೇಕವು ಬೇಡವಾದುದಲ್ಲ. ಮೆತ್ತೆಯ ಸುಖ ಕುಳಿತೊಡನೆ ತಿಳಿಯುವುದು. ಅಡಿಪಾಯದ ಬೆಲೆ ತಿಳಿಯುವುದು ಒಂದೇ ಒಂದು ಕ್ಷಣದಲ್ಲಿ. ಆ ಕ್ಷಣವು ಬಾರದಿರಲಿ. ಬಂದರೂ ಆಸನವು ಅಲುಗದಿರಲಿ.