ಉಸಿರು ಪಳಗಿದರೂ ಮೂಳೆ ಪಳಗಿರುವುದಿಲ್ಲ

ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿ ಹತ್ತಿರ ಬಂದರೆ ಸಾಕು, ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೆ ಬೆಳಗಿನ ಜಾವವೇ ಹುಡುಗರು ಬರತೊಡಗುತ್ತಾರೆ. ಗುಬ್ಬಿ, ಕುಣಿಗಲ್ ಕಡೆ ಮೈದಾನ ದೂರವಾದವರಿಗೆ ಡಾಂಬರು ರಸ್ತೆಯೇ ಟ್ರ್ಯಾಕು. ಪುರುಷರು 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ದೂರವೇನೂ ಹೆಚ್ಚಲ್ಲ. ಆದರೆ ವರ್ಷಗಟ್ಟಲೆ ಓಡದವರು ಎರಡೇ ತಿಂಗಳಲ್ಲಿ ಅದನ್ನು ಸಾಧಿಸಲು ಹೊರಡುತ್ತಾರೆ.

ದಿನಕ್ಕೆರಡು ಹೊತ್ತು ಓಡಿದರೆ ಮೂರನೇ ವಾರಕ್ಕೆ ಏದುಸಿರು ಇಳಿಯುತ್ತದೆ. ‘ಸ್ಟ್ಯಾಮಿನಾ ಬಂತು’ ಎಂದು ಹುಡುಗ ವೇಗ ಏರಿಸುತ್ತಾನೆ. ಮೂಳೆಯ ಲೆಕ್ಕವೇ ಬೇರೆ. ಹೊಸ ಹೊರೆ ಬಿದ್ದಾಗ ಅದು ಮೊದಲು ತನ್ನ ಹಳೆಯ ಅಂಶವನ್ನು ಕರಗಿಸಿಕೊಳ್ಳುತ್ತದೆ. ಅದಕ್ಕೆ ಸುಮಾರು 3 ವಾರ. ಖಾಲಿಯಾದ ಜಾಗದಲ್ಲಿ ಗಟ್ಟಿ ಮೂಳೆ ಕಟ್ಟಿಕೊಳ್ಳಲು ಹೆಚ್ಚುಕಡಿಮೆ 3 ತಿಂಗಳು. ಹೀಗಾಗಿ ಓಟಗಾರನ ಹುಮ್ಮಸ್ಸು ಏರಿದ ವಾರಗಳಲ್ಲೇ ಅವನ ಮೂಳೆ ಸೊರಗಿರುತ್ತದೆ. ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲಿ ಕವಾಯತಿನ ಸೈನಿಕರ ಊದಿದ ಪಾದಗಳನ್ನು ಕಂಡು ಬರೆದದ್ದು ಇದೇ ತೊಂದರೆಯ ಬಗ್ಗೆ. ಎಕ್ಸ್‌ರೇ ಬಂದ ಮೇಲಷ್ಟೇ ಅದು ಬಿರುಕು ಎಂದು ಗೊತ್ತಾಯಿತು.

ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಊರು ಕುಣಿಗಲ್. ರೇಸಿಗೆ ಪಳಗಿಸುವ ಎಳೆಗುದುರೆಗಳ ಮುಂಗಾಲ ಮೂಳೆಯೂ ಹೀಗೇ ನೋಯುತ್ತದೆ. ಹಾಗಾಗಿ ತಿಳಿದ ತರಬೇತುದಾರರು ವೇಗವನ್ನು ಚೂರುಚೂರಾಗಿ ಏರಿಸುತ್ತಾರೆ. ಬೆಲೆಬಾಳುವ ಪ್ರಾಣಿಗೆ ಸಿಗುವ ಈ ತಾಳ್ಮೆ ನಮ್ಮ ಮಕ್ಕಳಿಗೆ ಸಿಗುತ್ತಿಲ್ಲ.

2024ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಜಾರ್ಖಂಡದ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಯ ವೇಳೆ 10 ಕಿ.ಮೀ. ಓಟದ ಪರೀಕ್ಷೆಗೆ ಬಂದ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ತೀರಿಕೊಂಡರು. ಅದನ್ನು ಅತಿತರಬೇತಿಯ ತಲೆಗೆ ಕಟ್ಟಲಾಗದು. ಸೆಕೆಯ ಮಾತೂ ಬಂತು, ಉತ್ತೇಜಕಗಳ ಅನುಮಾನವೂ ಬಂತು. ಆದರೂ ದೇಹ ಸಜ್ಜಾಗುವ ಮೊದಲೇ ಗಡಿಯಾರದ ಜೊತೆ ಪಂದ್ಯಕ್ಕಿಳಿದರೆ ಏನಾಗಬಹುದು ಎಂಬ ಪ್ರಶ್ನೆಯನ್ನು ಆ ಸಾವುಗಳು ಮುಂದಿಡುತ್ತವೆ.

ನಮ್ಮಲ್ಲಿ ಓಟದಾಚೆಗಿನ ದುಡಿತವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ವಸಂತನರಸಾಪುರದ ಕಾರ್ಖಾನೆಯಲ್ಲಿ ನೈಟ್ ಶಿಫ್ಟ್ ಮುಗಿಸಿ ನೇರ ಓಟಕ್ಕೆ ಬಂದವನೂ, ಗುಬ್ಬಿಯ ತೋಟದಲ್ಲಿ ಇಡೀ ದಿನ ಅಡಿಕೆ ಗೊನೆ ಹೊತ್ತು ಸಂಜೆ ಸ್ಪ್ರಿಂಟ್ ಹೊಡೆಯುವವನೂ ಒಂದೇ ದೇಹದಿಂದ ಎರಡೆರಡು ಕೂಲಿ ಮಾಡಿಸುತ್ತಿದ್ದಾರೆ. 2014ರ ಒಂದು ಅಧ್ಯಯನದಲ್ಲಿ 8 ಗಂಟೆಗಿಂತ ಕಡಿಮೆ ನಿದ್ದೆ ಮಾಡುವ ಹದಿಹರೆಯದ ಆಟಗಾರರಿಗೆ ಗಾಯದ ಸಂಭವ 1.7 ಪಟ್ಟು ಇತ್ತು.

ಇದನ್ನೆಲ್ಲ ಗಮನಿಸಲು ಸ್ಮಾರ್ಟ್‌ವಾಚ್ ಬೇಕೆಂಬುದು ಅಂಗಡಿಯವರ ಮಾತು. 56 ಅಧ್ಯಯನಗಳನ್ನು ಪರಿಶೀಲಿಸಿದ ಒಂದು ವರದಿಯ ಪ್ರಕಾರ, ತರಬೇತಿಯ ಹೊರೆಯನ್ನು ರಕ್ತಪರೀಕ್ಷೆ, ನಾಡಿಬಡಿತಗಳಿಗಿಂತ ಚೆನ್ನಾಗಿ ತೋರಿಸಿದ್ದು ಆಟಗಾರರೇ ಹೇಳಿಕೊಂಡ ದಣಿವು ಮತ್ತು ಮನಸ್ಥಿತಿ. ಒಂದು ನೋಟ್‌ಬುಕ್ ಸಾಕು. ಓಡಿದ ನಿಮಿಷಗಳನ್ನು, ಎಷ್ಟು ಕಷ್ಟವಾಯಿತು ಎಂಬುದಕ್ಕೆ 0ಯಿಂದ 10ರೊಳಗೆ ಕೊಟ್ಟ ಅಂಕದಿಂದ ಗುಣಿಸಬೇಕು. 40 ನಿಮಿಷಕ್ಕೆ 7 ಅಂಕವಾದರೆ 280. ಹೊಲದ ಕೆಲಸಕ್ಕೂ ಇದೇ ಲೆಕ್ಕ. ವಾರದ ಮೊತ್ತ ಒಮ್ಮೆಲೇ ಒಂದೂವರೆ ಪಟ್ಟಾದರೆ, ಜೊತೆಗೆ ನಿದ್ದೆ ಕೆಟ್ಟು, ಸಿಡುಕು ಹೆಚ್ಚಿ, ಓಟದ ಸಮಯ ಹಿಂದೆ ಬಿದ್ದರೆ ಆ ವಾರ ಇಳಿಸಲೇಬೇಕು. ನಮ್ಮ ಹುಡುಗರು ಮಾಡುವುದು ಇದಕ್ಕೆ ತದ್ವಿರುದ್ಧ: ಟೈಮಿಂಗ್ ಕೆಟ್ಟಿತೆಂದು ಇನ್ನೆರಡು ಸುತ್ತು ಜಾಸ್ತಿ. ನಿಜವಾದ ಅತಿತರಬೇತಿಗೆ ಸಿಕ್ಕಿಬಿದ್ದವರು ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ. ಅಷ್ಟರಲ್ಲಿ ದೈಹಿಕ ಪರೀಕ್ಷೆಯ ದಿನ ಕಳೆದಿರುತ್ತದೆ.

ಹುಡುಗಿಯರ ನೋಟ್‌ಬುಕ್‌ನಲ್ಲಿ ಮುಟ್ಟಿನ ದಿನಾಂಕವೂ ಇರಲಿ. ಮೂರು ತಿಂಗಳು ಮುಟ್ಟು ನಿಂತರೆ ಓಟಕ್ಕೆ ತಕ್ಕ ಊಟ ಸಾಲುತ್ತಿಲ್ಲವೆಂಬ ಸೂಚನೆ ಅದಾಗಿರಬಹುದು. ಮೂಳೆ ಒಳಗೊಳಗೇ ಸವೆಯುತ್ತಿರಬಹುದು. ವೈದ್ಯರಿಗೆ ತೋರಿಸಬೇಕು.

ಮೊಣಕಾಲ ಕೆಳಗೆ, ಮುಂಭಾಗದ ಮೂಳೆಯ ಮೇಲೆ ಬೆರಳಿಟ್ಟಾಗ ಒಂದೇ ಕಡೆ ಚುಚ್ಚಿದಂತೆ ನೋವಾದರೆ ಉಳುಕು ಎಂದು ತಿಕ್ಕಿಸಬಾರದು. ನೋವಿನ ಮಾತ್ರೆ ನುಂಗಿ ಓಡಲೂ ಬಾರದು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಬಿರುಕು ಕಾಣದೆಯೂ ಇರಬಹುದು. ಫಿಲ್ಮ್ ಸರಿಯಿದೆ ಎಂದಮಾತ್ರಕ್ಕೆ ಮಾರನೆಯ ದಿನವೇ ಟ್ರ್ಯಾಕಿಗೆ ಇಳಿಯುವಂತಿಲ್ಲ.