ಗಣಕಭಾಷೆಗಳಲ್ಲಿ ಬಹುದಾಯ: ಒಂದು ವಿವೇಚನೆ

ನಮ್ಮ ಪ್ರಾಚೀನ ಧರ್ಮಶಾಸ್ತ್ರದಲ್ಲಿ ‘ದ್ವ್ಯಾಮುಷ್ಯಾಯಣ’ನೆಂಬ ಪುತ್ರನ ಪ್ರಸ್ತಾಪವುಂಟು. ಇಬ್ಬರು ತಂದೆಯರ ದಾಯಕ್ಕೂ ಅವನು ಅಧಿಕಾರಿ. ಕಲ್ಯಾಣದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ ಇವನನ್ನು ಕುರಿತು ಚರ್ಚಿಸಿದ್ದಾನೆ. ಗಣಕಯಂತ್ರದ ಕ್ರಮವಿಧಿಗಳಲ್ಲಿಯೂ ಇಂತಹ ಪುತ್ರನಿರುವನೆಂದರೆ ವಿದ್ಯಾರ್ಥಿಗಳಿಗೆ ಅಚ್ಚರಿಯಾದೀತು.

ಸಮಾನ ಲಕ್ಷಣ ಹಾಗೂ ಕ್ರಿಯೆಗಳುಳ್ಳ ವಸ್ತುಗಳ ಮೂಲವಿನ್ಯಾಸವೇ ಕ್ಲಾಸ್, ಎಂದರೆ ವರ್ಗ. ಒಂದು ವರ್ಗವು ಮತ್ತೊಂದರ ಗುಣಕ್ರಿಯೆಗಳನ್ನು ಪಡೆಯುವುದು ದಾಯ. ನಾರ್ವೆಯ ಡಾಲ್ ಮತ್ತು ನ್ಯೂಗಾರ್ಡ್ ಎಂಬ ವಿದ್ವಾಂಸರ ಸಿಮುಲಾ 67 ಭಾಷೆಯಲ್ಲಿ ವರ್ಗವೊಂದಕ್ಕೆ ಪಿತೃವರ್ಗವು ಒಂದೇ. ಸ್ಟ್ರೌಸ್ಟ್ರಪ್ಪರ ಸಿ ಪ್ಲಸ್ ಪ್ಲಸ್ ಭಾಷೆಗೆ 1989ರಲ್ಲಿ ಬಹುದಾಯವು ಸೇರಿತು.

ಉದಾಹರಣೆಗೆ, ‘ಸಾಧನ’ವೆಂಬ ವರ್ಗದಿಂದ ‘ಮುದ್ರಕ’, ‘ಸ್ಕ್ಯಾನರ್’ ಎಂಬೆರಡು ವರ್ಗಗಳು ಹುಟ್ಟಿದುವೆನ್ನೋಣ. ಅವೆರಡರಿಂದ ‘ಜೆರಾಕ್ಸ್ ಯಂತ್ರ’ವು ಹುಟ್ಟಿತು. ‘ಆರಂಭಿಸು’ ಎಂಬ ಕ್ರಿಯೆಯನ್ನು ಮುದ್ರಕವು ಒಂದು ಬಗೆಯಾಗಿಯೂ ಸ್ಕ್ಯಾನರು ಇನ್ನೊಂದು ಬಗೆಯಾಗಿಯೂ ನಡೆಸುವುವು. ಜೆರಾಕ್ಸ್ ಯಂತ್ರಕ್ಕೆ ‘ಆರಂಭಿಸು’ ಎಂದರೆ ಅದು ಯಾರ ಮಾತನ್ನು ಪಾಲಿಸಬೇಕು? ಪಿತಾಮಹನಾದ ಸಾಧನದ ಕ್ರಮಸಂಖ್ಯೆ ಮೊಮ್ಮಗನಲ್ಲಿ ಒಂದೋ, ಎರಡೋ? ಚಿತ್ರಿಸಿದರೆ ವಜ್ರಾಕೃತಿ ಮೂಡುವುದರಿಂದ ಇದಕ್ಕೆ ‘ವಜ್ರಸಮಸ್ಯೆ’ಯೆಂದು ಹೆಸರು.

ಇದಕ್ಕೆ ಪರಿಹಾರವನ್ನು ಒಂದೊಂದು ಭಾಷೆಯೂ ಒಂದೊಂದು ಬಗೆಯಾಗಿ ಕಂಡುಕೊಂಡಿದೆ. ಸಿ ಪ್ಲಸ್ ಪ್ಲಸ್ ಸಂದಿಗ್ಧವಾದ ಕರೆಯನ್ನು ಒಪ್ಪದೆ, ಯಾರ ಕ್ರಿಯೆಯೆಂಬುದನ್ನು ಸ್ಪಷ್ಟವಾಗಿ ಹೇಳಿಸುತ್ತದೆ. ಪಿತಾಮಹನ ಅಂಶವು ಸಾಮಾನ್ಯವಾಗಿ ಎರಡಾಗಿಯೇ ಬರುವುದು, ‘ವರ್ಚುಯಲ್’ ಎಂದು ಘೋಷಿಸಿದರೆ ಮಾತ್ರ ಒಂದಾಗುವುದು. 1995ರ ಜಾವಾ ಭಾಷೆಯು ಪಿತೃವರ್ಗವೊಂದನ್ನೇ ವಿಧಿಸಿತು. ಆದರೆ ಕ್ರಿಯೆಗಳ ಹೆಸರನ್ನಷ್ಟೇ ಸಾರುವ ಇಂಟರ್‌ಫೇಸುಗಳು ಎಷ್ಟಾದರೂ ಇರಬಹುದೆಂದಿತು. 2014ರಿಂದ ಅವುಗಳಲ್ಲಿಯೂ ಕ್ರಿಯೆಯ ವಿವರವನ್ನು ಬರೆಯಬಹುದಾಗಿದೆ; ಅಲ್ಲಿ ವಿರೋಧವುಂಟಾದರೆ ಪುತ್ರವರ್ಗವೇ ನಿರ್ಣಯಿಸಬೇಕು.

ಪೈಥಾನಿನ ಮಾರ್ಗವು ವೈಯಾಕರಣರಿಗೆ ಮೆಚ್ಚಾಗುವಂಥದು. ತುಲ್ಯಬಲದ ಎರಡು ಸೂತ್ರಗಳು ವಿರೋಧಿಸಿದಲ್ಲಿ ಪರಸೂತ್ರವೇ ಪ್ರಬಲವೆಂಬುದು ಪಾಣಿನಿಯ ನಿಯಮ. ಪೈಥಾನಿನಲ್ಲಿ ಇದರ ವಿಪರ್ಯಯ: ಮೊದಲು ಹೆಸರಿಸಿದ ಪಿತೃವಿಗೇ ಮನ್ನಣೆ. ಅಲ್ಲಿ ಹುಡುಕಾಟದ ಕ್ರಮವು ಜೆರಾಕ್ಸ್ ಯಂತ್ರ, ಮುದ್ರಕ, ಸ್ಕ್ಯಾನರ್, ಕಡೆಗೆ ಸಾಧನ. ಪುತ್ರರನ್ನು ದಾಟುವ ಮುನ್ನ ಪಿತಾಮಹನನ್ನು ಕೇಳುವಂತಿಲ್ಲ. 2003ರಲ್ಲಿ ಸ್ವೀಕರಿಸಿದ ‘ಸಿ3’ ಎಂಬ ವಿಧಾನವು ಈ ಕ್ರಮವನ್ನು ಗಣಿಸುತ್ತದೆ. ಸಂಗತವಾದ ಕ್ರಮವು ಸಾಧ್ಯವಾಗದಿದ್ದರೆ ಆ ವರ್ಗವನ್ನೇ ನಿರಾಕರಿಸುತ್ತದೆ.

ಆದುದರಿಂದ ಬಹುದಾಯವು ದೋಷವಲ್ಲ. ನಿರ್ಣಯವಿಲ್ಲದ ಬಹುದಾಯವು ದೋಷ. ಬಳಸುವ ಮುನ್ನ ವಿದ್ಯಾರ್ಥಿಯು ಕೇಳಿಕೊಳ್ಳಬೇಕಾದುದು ಇಷ್ಟೆ: ಈ ವಸ್ತುವು ನಿಜವಾಗಿಯೂ ಮುದ್ರಕವೇ ಆಗಿದೆಯೋ, ಅಥವಾ ತನ್ನೊಳಗೆ ಮುದ್ರಕವನ್ನು ಹೊಂದಿದೆಯೋ? ಹೊಂದಿರುವುದಾದರೆ ದಾಯವು ಬೇಡ. ಅದನ್ನು ಅಂಗವಾಗಿ ಇರಿಸಿಕೊಂಡರೆ ಸಾಕು. ಪದಗಳ ಸಂಬಂಧವನ್ನು ಅರಿಯದೆ ಸಮಾಸವನ್ನು ಬಿಡಿಸಹೊರಟವನಿಗೆ ಅರ್ಥವು ಕೆಡುವಂತೆ, ವರ್ಗಗಳ ಸಂಬಂಧವನ್ನು ಅರಿಯದವನಿಗೆ ಕ್ರಮವಿಧಿಯೂ ಕೆಡುವುದು.