ಆರಡಿ ಮೂರಡಿಗೂ ಅರ್ಹತೆ ಬೇಕು

1997ರ ಡಿಸೆಂಬರ್‌ನಲ್ಲಿ ಅಮೆರಿಕದ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಒಂದು ಗೋರಿಯನ್ನು ಅಗೆದು ಶವಪೆಟ್ಟಿಗೆಯನ್ನು ಹೊರತೆಗೆದರು. ಹಿಂದಿನ ವರ್ಷವಷ್ಟೇ ಸಕಲ ಗೌರವದೊಂದಿಗೆ ಅಲ್ಲಿ ಮಣ್ಣಾಗಿದ್ದವರು ಎಂ. ಲ್ಯಾರಿ ಲಾರೆನ್ಸ್. ಕ್ಯಾಲಿಫೋರ್ನಿಯಾದ ದೊಡ್ಡ ಹೋಟೆಲಿನ ಮಾಲೀಕ, ಡೆಮಾಕ್ರಟಿಕ್ ಪಕ್ಷಕ್ಕೆ ಧಾರಾಳವಾಗಿ ದೇಣಿಗೆ ಕೊಟ್ಟವರು, ಸ್ವಿಟ್ಜರ್‌ಲೆಂಡಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದಾಗಲೇ ತೀರಿಕೊಂಡವರು. ಎರಡನೇ ಮಹಾಯುದ್ಧದಲ್ಲಿ ತಾವು ಸರಕು ಹಡಗಿನಲ್ಲಿ ದುಡಿದದ್ದಾಗಿ, ಟಾರ್ಪೆಡೊ ದಾಳಿಯಲ್ಲಿ ಗಾಯಗೊಂಡದ್ದಾಗಿ ಹೇಳಿಕೊಂಡಿದ್ದರು. ವಿಶೇಷ ವಿನಾಯಿತಿ ಕೊಡುವಾಗ ಆ ಮಾತೂ ತಕ್ಕಡಿಗೆ ಬಿದ್ದಿತ್ತು. ಆಮೇಲೆ ಯಾರೋ ಕಡತ ಬಿಚ್ಚಿ ನೋಡಿದರು. ಹಡಗಿನವರ ದಾಖಲೆಯಲ್ಲಿ ಲಾರೆನ್ಸ್ ಎಂಬ ಹೆಸರೇ ಇಲ್ಲ! ಯುದ್ಧ ನಡೆಯುತ್ತಿದ್ದಾಗ ಆಸಾಮಿ ಷಿಕಾಗೋದ ಕಾಲೇಜೊಂದರಲ್ಲಿ ಓದಿಕೊಂಡಿದ್ದರು. ಗದ್ದಲ ಎದ್ದಾಗ ಅವರ ಹೆಂಡತಿಯೇ ದೇಹವನ್ನು ಹೊರತೆಗೆಸಿ ಕ್ಯಾಲಿಫೋರ್ನಿಯಾಕ್ಕೆ ಸಾಗಿಸಿದರು.

ನಮ್ಮಲ್ಲಿ ಹುತಾತ್ಮ ಯೋಧನ ಪಾರ್ಥಿವ ಶರೀರ ಸಾಮಾನ್ಯವಾಗಿ ಅವನ ಊರಿಗೇ ಬರುತ್ತದೆ. ಊರ ರುದ್ರಭೂಮಿಯಲ್ಲೋ ಸ್ವಂತ ಹೊಲದಲ್ಲೋ ಕುಶಾಲತೋಪು ಹಾರಿಸಿ ಕಳಿಸಿಕೊಡುತ್ತೇವೆ. ಹೀಗಾಗಿ ಸ್ಮಶಾನಕ್ಕೆ ಪ್ರವೇಶ ಪಡೆಯಲು ನಿಯಮಾವಳಿ, ಅರ್ಜಿ, ಪರಿಶೀಲನೆ, ಸಂಸತ್ತಿನ ಕಾಯ್ದೆ ಎಂದರೆ ನಮಗೆ ವಿಚಿತ್ರವೆನಿಸಬಹುದು. ಆರ್ಲಿಂಗ್ಟನ್ನಿನಲ್ಲಿ ಅದು ಸೇನೆಯ ನಿತ್ಯದ ಕೆಲಸ. ವಾಷಿಂಗ್ಟನ್ ನಗರದೆದುರು ಪೊಟೊಮ್ಯಾಕ್ ನದಿಯಾಚೆ, ವರ್ಜೀನಿಯಾದ ದಿಬ್ಬಗಳ ಮೇಲೆ ಹರಡಿಕೊಂಡಿರುವ 639 ಎಕರೆ ಅದು. 4 ಲಕ್ಷಕ್ಕೂ ಹೆಚ್ಚು ಮಂದಿ ಅಲ್ಲಿ ಮಲಗಿದ್ದಾರೆ. ಕೆಲಸದ ದಿನಗಳಲ್ಲಿ ದಿನಕ್ಕೆ 27ರಿಂದ 30 ಅಂತ್ಯಕ್ರಿಯೆಗಳು ನಡೆಯುತ್ತವೆ. ಆದರೂ ಪೂರ್ಣ ಸೇನಾ ಗೌರವ ಬೇಕೆನ್ನುವ ಕುಟುಂಬ ತಿಂಗಳುಗಟ್ಟಲೆ ಕಾಯಬೇಕು.

ಇಷ್ಟೊಂದು ಬೇಡಿಕೆಯ ಈ ಜಾಗ ಶುರುವಾದದ್ದು ಯಾರಿಗೂ ಬೇಡದ ಜಾಗವಾಗಿ. ಅಮೆರಿಕದ ಅಂತರ್ಯುದ್ಧದ ಕಾಲ. ದಕ್ಷಿಣದ ಬಂಡುಕೋರ ಸೇನೆಯ ದಂಡನಾಯಕ ರಾಬರ್ಟ್ ಇ. ಲೀ ಅವರ ಹೆಂಡತಿ ಮೇರಿಗೆ ಈ ಎಸ್ಟೇಟು ತಂದೆಯಿಂದ ಬಂದಿತ್ತು. 92 ಡಾಲರ್ 7 ಸೆಂಟ್ ತೆರಿಗೆ ಬಾಕಿ ಇತ್ತು. ಒಡತಿಯೇ ಖುದ್ದಾಗಿ ಬಂದು ಕಟ್ಟಬೇಕೆಂದು ಅಧಿಕಾರಿಗಳು ಪಟ್ಟು ಹಿಡಿದರು. ಆಕೆಯೋ ಸಂಧಿವಾತದಿಂದ ನರಳುತ್ತ ಶತ್ರು ಪ್ರದೇಶದಲ್ಲಿದ್ದರು. ದುಡ್ಡು ಕೊಟ್ಟು ಕಳಿಸಿದ ಬಂಧುವನ್ನು ಬರಿಗೈಯಲ್ಲಿ ವಾಪಸು ಕಳಿಸಿದರು. 1864ರ ಜನವರಿಯಲ್ಲಿ ಹರಾಜು ಕೂಗಿ ಸರ್ಕಾರವೇ 26,800 ಡಾಲರಿಗೆ ಕೊಂಡುಕೊಂಡಿತು. ಜಫ್ತಿ ಮಾಡಲು ಮನಸ್ಸಿದ್ದರೆ ಕಾನೂನು ಎಷ್ಟು ಸಲೀಸಾಗಿ ಬಾಗುತ್ತದೆ ನೋಡಿ.

ಆ ವರ್ಷದ ಮೇ 13ರಂದು ಪೆನ್ಸಿಲ್ವೇನಿಯಾದ ಸಾಮಾನ್ಯ ಸಿಪಾಯಿ ವಿಲಿಯಂ ಕ್ರಿಸ್ಟ್‌ಮನ್ ಅಲ್ಲಿ ಮಣ್ಣಾದ ಮೊದಲ ಸೈನಿಕ. ದೇಹವನ್ನು ಊರಿಗೆ ತರಿಸಿಕೊಳ್ಳಲು ಕಾಸಿಲ್ಲದ ಮನೆಗಳ ಹುಡುಗರನ್ನು ಅಲ್ಲಿ ಹೂಳುತ್ತಿದ್ದರು. ಉಳ್ಳವರು ತಮ್ಮ ಮಕ್ಕಳನ್ನು ಮನೆಗೆ ಕರೆದೊಯ್ಯುತ್ತಿದ್ದರು. ಸೇನೆಯ ಸರಬರಾಜು ಮುಖ್ಯಸ್ಥ ಮಾಂಟ್ಗಮರಿ ಮೀಗ್ಸ್ ತಾನೂ ದಕ್ಷಿಣದಲ್ಲೇ ಹುಟ್ಟಿದವನು, ಆದರೆ ಲೀ ಮೇಲೆ ಕೆಂಡ ಕಾರುತ್ತಿದ್ದ. ಲೀ ಕುಟುಂಬ ಮತ್ತೆಂದೂ ಆ ಮನೆಯಲ್ಲಿ ವಾಸಿಸಬಾರದೆಂದು ಮೇರಿಯ ಗುಲಾಬಿ ತೋಟದ ಅಂಚಿಗೇ ಅಧಿಕಾರಿಗಳ ಗೋರಿ ತೋಡಿಸಿದ. ಗುರುತು ಸಿಗದ 2,111 ಸೈನಿಕರ ಎಲುಬುಗಳನ್ನು ಅಲ್ಲೇ ಒಂದು ಹೊಂಡದಲ್ಲಿ ತುಂಬಿಸಿ ಮುಚ್ಚಿಸಿದ. 1864ರ ಅಕ್ಟೋಬರಿನಲ್ಲಿ ಯುದ್ಧದಲ್ಲಿ ಸತ್ತ ಅವನ ಸ್ವಂತ ಮಗನೂ ಕೊನೆಗೆ ಆರ್ಲಿಂಗ್ಟನ್ ಮಣ್ಣಿಗೇ ಸೇರಿದ. ಲೀ ಅವರ ಮಗ ಮೊಕದ್ದಮೆ ಹೂಡಿ 1882ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರೂ ಸಾವಿರಾರು ಗೋರಿಗಳಿರುವ ತೋಟವನ್ನು ಏನು ಮಾಡಿಯಾರು? ಮರುವರ್ಷ 1,50,000 ಡಾಲರ್ ಪಡೆದು ಸರ್ಕಾರಕ್ಕೇ ಬಿಟ್ಟುಕೊಟ್ಟರು.

ಅಲ್ಲಿನ 27ನೇ ವಿಭಾಗಕ್ಕೆ ಹೋದವರು ಕಲ್ಲುಗಳನ್ನು ನಿಂತು ಓದಬೇಕು. ಹುದ್ದೆ, ದಳ ಯಾವುದೂ ಇಲ್ಲದೆ ಬರೀ ‘ಸಿಟಿಜನ್’, ‘ಸಿವಿಲಿಯನ್’ ಎಂದು ಕೆತ್ತಿದ ಕಲ್ಲುಗಳು ಅಲ್ಲಿವೆ. ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದು ಆ ಸುತ್ತಮುತ್ತ ನೆಲೆಸಿ ತೀರಿಕೊಂಡ 3,800ಕ್ಕೂ ಹೆಚ್ಚು ಕಪ್ಪು ಜನರ ಗೋರಿಗಳವು. ಇಂದಿನ ನಿಯಮದ ಪ್ರಕಾರ ಅವರಲ್ಲಿ ಒಬ್ಬರಿಗೂ ಅರ್ಹತೆ ಇಲ್ಲ.

1873ರ ಕಾಯ್ದೆ ಅಂತರ್ಯುದ್ಧದಲ್ಲಿ ಹೋರಾಡಿ ಗೌರವದಿಂದ ನಿವೃತ್ತರಾದವರಿಗೂ ರಾಷ್ಟ್ರೀಯ ಸ್ಮಶಾನಗಳ ಬಾಗಿಲು ತೆರೆಯಿತು. ಆಮೇಲೆ ಬಹುಕಾಲ ಬೇಕಾದಷ್ಟು ಜಾಗವಿತ್ತು, ಹೆಚ್ಚು ತಕರಾರಿರಲಿಲ್ಲ. ಚಿತ್ರ ಬದಲಾದದ್ದು 1963ರ ನವೆಂಬರ್ 25ರಂದು, ಅಧ್ಯಕ್ಷ ಜಾನ್ ಎಫ್. ಕೆನಡಿಯವರನ್ನು ಅಲ್ಲಿ ಮಣ್ಣು ಮಾಡಿದ ದಿನ. ಆ ಮೆರವಣಿಗೆಯನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. ಆಮೇಲೆ ಜನ ಜಾತ್ರೆಗೆ ಬಂದಂತೆ ಬಂದರು. ಅದುವರೆಗೆ ಊರಿನ ಚರ್ಚಿನ ಅಂಗಳವೇ ಸಾಕೆನ್ನುತ್ತಿದ್ದ ಮಾಜಿ ಸೈನಿಕರ ಕುಟುಂಬಗಳೂ ಆರ್ಲಿಂಗ್ಟನ್ನೇ ಬೇಕೆಂದವು. ಜಾಗ ಕರಗುವುದನ್ನು ಕಂಡು ಸೇನೆ 1967ರಲ್ಲಿ ಬಿಗಿ ನಿಯಮ ತಂದಿತು. ಬಡವರ ಸ್ಮಶಾನಕ್ಕೆ ಪ್ರತಿಷ್ಠೆ ಬಂದ ಮೇಲೆ ಬೇಲಿಯೂ ಬಂತು.

ಈಗಿನ ನಿಯಮ ಇಷ್ಟು. ಸೇವೆಯಲ್ಲಿರುವಾಗಲೇ ಸತ್ತವರು, ಪೂರ್ಣಾವಧಿ ಸೇವೆ ಮುಗಿಸಿ ಸೇನೆಯ ಪಿಂಚಣಿಗೆ ಅರ್ಹರಾದವರು, ಶತ್ರುವಿನಿಂದ ಗಾಯಗೊಂಡು ಪರ್ಪಲ್ ಹಾರ್ಟ್ ಪಡೆದವರು, ಸಿಲ್ವರ್ ಸ್ಟಾರ್ ಅಥವಾ ಅದಕ್ಕಿಂತ ಮೇಲಿನ ಶೌರ್ಯ ಪದಕದವರು, ಮಾಜಿ ಯುದ್ಧಕೈದಿಗಳು, ದೇಶದ ಅಧ್ಯಕ್ಷರು. ಹುದ್ದೆಯ ಬಲದ ಇನ್ನೊಂದು ದಾರಿಯೂ ಇದೆ: ಸೇನೆಯಲ್ಲಿ ಗೌರವದಿಂದ ಸೇವೆ ಸಲ್ಲಿಸಿ ಮುಂದೆ ಸಂಸದರೋ ಸಂಪುಟ ಸಚಿವರೋ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯೋ ಆದವರಿಗೂ ಜಾಗವುಂಟು. ಶೌರ್ಯಕ್ಕೇ ಕೊಡುವ ಬ್ರಾಂಜ್ ಸ್ಟಾರ್ ಇದ್ದರೂ ಅದೊಂದೇ ಸಾಲದು. ಅರ್ಹರ ಗಂಡ ಅಥವಾ ಹೆಂಡತಿ, ಚಿಕ್ಕ ಮಕ್ಕಳು ಅದೇ ಗೋರಿಯಲ್ಲಿ ಒಬ್ಬರ ಮೇಲೊಬ್ಬರಂತೆ ಸೇರುತ್ತಾರೆ. ಸಂಗಾತಿಯ ಹೆಸರನ್ನು ಕಲ್ಲಿನ ಹಿಂಬದಿಗೆ ಕೆತ್ತುತ್ತಾರೆ. ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ 2020ರಲ್ಲಿ ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದು ಅಲ್ಲೇ, ಹಿಂದೆ ಸೇನೆಯಲ್ಲಿದ್ದ ಗಂಡನ ಪಕ್ಕದಲ್ಲಿ.

ಸುಟ್ಟು ಬೂದಿಯಾದವರಿಗೆ ಬಾಗಿಲು ಇನ್ನಷ್ಟು ಅಗಲ. 1980ರಿಂದ ಅಲ್ಲಿ ಚಿತಾಭಸ್ಮದ ಕರಂಡಕಗಳನ್ನಿಡುವ ಗೂಡುಗಳ ಗೋಡೆಗಳಿವೆ. ತರಬೇತಿ ಬಿಟ್ಟು ಒಂದೇ ಒಂದು ದಿನದ ಸಕ್ರಿಯ ಸೇವೆ ಮತ್ತು ಗೌರವಯುತ ಬಿಡುಗಡೆ ಇದ್ದರೆ ಅಲ್ಲಿ ಗೂಡು ಸಿಗುತ್ತದೆ.

ಬದುಕಿದ್ದಾಗ ಜಾಗ ಕಾಯ್ದಿರಿಸುವಂತಿಲ್ಲ. ಸಾವಾದ ಮೇಲೆ ಮನೆಯವರು ಅರ್ಜಿ ಹಾಕಬೇಕು, ಆಗಷ್ಟೇ ಅರ್ಹತೆ ನೋಡುತ್ತಾರೆ. ಮುಖ್ಯ ಕಾಗದವೆಂದರೆ ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಡಿಡಿ-214 ಎಂಬ ಪ್ರಮಾಣಪತ್ರ. ಅದು ಕಳೆದುಹೋಗಿದ್ದರೆ ಸೇಂಟ್ ಲೂಯಿಸ್ ನಗರದಲ್ಲಿರುವ ದಾಖಲೆ ಕೇಂದ್ರಕ್ಕೆ ಬರೆಯಬೇಕು. ಆ ಕೇಂದ್ರಕ್ಕೆ 1973ರ ಜುಲೈನಲ್ಲಿ ಬೆಂಕಿ ಬಿದ್ದು ಒಂದೂವರೆ ಕೋಟಿಗೂ ಹೆಚ್ಚು ಸೈನಿಕರ ಕಡತಗಳು ಸುಟ್ಟುಹೋದವು. ಎರಡೂ ಮಹಾಯುದ್ಧಗಳ, ಕೊರಿಯಾ ಯುದ್ಧದ ಭೂಸೇನೆಯವರ ಕಾಗದಗಳೇ ಅದರಲ್ಲಿ ಹೆಚ್ಚು. ಅಪ್ಪ ನಿಜವಾಗಿಯೂ ಗಾಯಗೊಂಡಿದ್ದರೆಂದು ತೋರಿಸಲು ಮಕ್ಕಳು ಸಂಬಳದ ಪಟ್ಟಿ, ಹಳೆಯ ಆದೇಶಗಳನ್ನು ಹುಡುಕಿ ಅಲೆಯುವುದು ಇದರಿಂದಲೇ. ಸುಳ್ಳು ಹೇಳಿದ ರಾಯಭಾರಿಗೆ ಸುಲಭವಾಗಿ ತೆರೆದ ಬಾಗಿಲು ಇಂಥವರಿಗೆ ಕಾಗದವಿಲ್ಲದೆ ತೆರೆಯುವುದಿಲ್ಲ.

ವಿನಾಯಿತಿಗಳೆಲ್ಲ ಹಾಗೆಯೇ ಎಂದಲ್ಲ. ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಜೋ ಲೂಯಿಸ್ ಯುದ್ಧಕಾಲದಲ್ಲಿ ಸೇನೆ ಸೇರಿ ಸೈನಿಕರೆದುರು ಪ್ರದರ್ಶನ ಪಂದ್ಯಗಳನ್ನಾಡಿದವರು. ಗೆದ್ದ ಹಣವನ್ನು ಸೇನೆ, ನೌಕಾಪಡೆಯ ಪರಿಹಾರ ನಿಧಿಗಳಿಗೆ ಕೊಟ್ಟವರು. ಮುಂದೆ ತೆರಿಗೆ ಬಾಕಿಗಾಗಿ ಅದೇ ಸರ್ಕಾರ ಅವರ ಬೆನ್ನು ಬಿಡಲಿಲ್ಲ. 1981ರಲ್ಲಿ ತೀರಿಕೊಂಡಾಗ ಅಧ್ಯಕ್ಷ ರೇಗನ್ ವಿನಾಯಿತಿ ಕೊಟ್ಟರು. ಸಾಲ ತೀರಿತೆಂದೇ ನಾನು ಭಾವಿಸುತ್ತೇನೆ. ಅವರ ಸಮೀಪದಲ್ಲೇ ಇರುವ ಹಾಲಿವುಡ್ ನಟ ಲೀ ಮಾರ್ವಿನ್ ಅವರಿಗೆ ಯಾರ ಕೃಪೆಯೂ ಬೇಕಾಗಲಿಲ್ಲ. 1944ರಲ್ಲಿ ಸೈಪಾನ್ ದ್ವೀಪದಲ್ಲಿ ಗುಂಡು ತಿಂದ ಅವರ ಬಳಿ ಪರ್ಪಲ್ ಹಾರ್ಟ್ ಇತ್ತು.

ಫೆಲಿಕ್ಸ್ ಲಾಂಗೋರಿಯಾ ಕತೆ ಬೇರೆ. ಟೆಕ್ಸಾಸಿನ ಮೆಕ್ಸಿಕನ್ ಮೂಲದ ಈ ಸಿಪಾಯಿ 1945ರಲ್ಲಿ ಫಿಲಿಪ್ಪೀನ್ಸಿನಲ್ಲಿ ಮಡಿದ. ದೇಹ ತವರಿಗೆ ಬಂದದ್ದು 1949ರಲ್ಲಿ. ಥ್ರೀ ರಿವರ್ಸ್ ಎಂಬ ಅವನೂರಿನ ಅಂತ್ಯಕ್ರಿಯೆ ಮಂದಿರದವನು ಬಿಳಿಯರು ಒಪ್ಪುವುದಿಲ್ಲವೆಂದು ಪ್ರಾರ್ಥನೆಯ ಕೋಣೆ ಕೊಡಲಿಲ್ಲ. ಊರಿಂದೂರಿಗೆ ತಂತಿಗಳು ಹಾರಿದವು. ಆಗಷ್ಟೇ ಸೆನೆಟರ್ ಆಗಿದ್ದ ಲಿಂಡನ್ ಜಾನ್ಸನ್ ಮಧ್ಯೆ ಬಂದು ಆರ್ಲಿಂಗ್ಟನ್ನಿನಲ್ಲಿ ಅಂತ್ಯಕ್ರಿಯೆಗೆ ಏರ್ಪಾಡು ಮಾಡಿದರು. ಹುಟ್ಟಿದೂರು ಒಲ್ಲೆನೆಂದವನನ್ನು ದೇಶದ ಸ್ಮಶಾನ ಇಟ್ಟುಕೊಂಡಿತು. ನನ್ನ ಮಟ್ಟಿಗೆ ಆರ್ಲಿಂಗ್ಟನ್ನಿನ ಹುಟ್ಟಿಗೆ ತಕ್ಕ ಕೆಲಸವೆಂದರೆ ಇದು.

ಆ ಗುಣ ಅದಕ್ಕೆ ಯಾವಾಗಲೂ ನೆನಪಿರುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಸುಮಾರು 1,100 ಮಹಿಳೆಯರು ಸೇನೆಯ ವಿಮಾನಗಳನ್ನು ಕಾರ್ಖಾನೆಯಿಂದ ನೆಲೆಗಳಿಗೆ ಹಾರಿಸಿಕೊಂಡು ಹೋಗುತ್ತಿದ್ದರು. ಗುಂಡಿನ ತರಬೇತಿಗೆಂದು ಗುರಿಪಟಗಳನ್ನು ಬಾಲದಂತೆ ಎಳೆದುಕೊಂಡು ಹಾರುತ್ತಿದ್ದರು. 38 ಮಂದಿ ಸತ್ತರು. ಕಾಗದದ ಮೇಲೆ ಇವರು ನಾಗರಿಕರಾದ್ದರಿಂದ ದೇಹವನ್ನು ಮನೆಗೆ ಸಾಗಿಸಲು ಗೆಳತಿಯರೇ ಚಂದಾ ಎತ್ತಬೇಕಾಯಿತು. 1977ರಲ್ಲಿ ಅವರಿಗೆ ಮಾಜಿ ಸೈನಿಕರ ಸ್ಥಾನ ಸಿಕ್ಕಿತು, 2002ರಲ್ಲಿ ಆರ್ಲಿಂಗ್ಟನ್ನಿನಲ್ಲಿ ಚಿತಾಭಸ್ಮಕ್ಕೆ ಗೂಡೂ ಸಿಕ್ಕಿತು. 2015ರಲ್ಲಿ ಸೇನೆ ಕಾನೂನಿನ ನೆಪ ಹೇಳಿ ಅದನ್ನು ಕಿತ್ತುಕೊಂಡಿತು. ಅದೇ ವಸಂತದಲ್ಲಿ ಎಲೇನ್ ಹಾರ್ಮನ್ ಎಂಬ 95 ವರ್ಷದ ಮಾಜಿ ಪೈಲಟ್ ಆರ್ಲಿಂಗ್ಟನ್ನೇ ಬೇಕೆಂದು ಬರೆದಿಟ್ಟು ತೀರಿಕೊಂಡರು. ಮನೆಯವರು ಬೂದಿಯನ್ನು ಬೀರುವಿನಲ್ಲಿಟ್ಟು ಸಂಸತ್ತಿನ ಬಾಗಿಲು ತಟ್ಟಿದರು. 2016ರ ಮೇ ತಿಂಗಳಲ್ಲಿ ಕಾಯ್ದೆ ಬಂತು, ಸೆಪ್ಟೆಂಬರ್ 7ರಂದು ಅಜ್ಜಿಗೆ ಜಾಗ ಸಿಕ್ಕಿತು.

ಹೊರಗಿಡುವ ಕಾಯ್ದೆಗಳೂ ಹೀಗೆ ಒಬ್ಬೊಬ್ಬರ ಹೆಸರಿನಿಂದಲೇ ಹುಟ್ಟಿವೆ. ಓಕ್ಲಹೋಮ ಸಿಟಿಯಲ್ಲಿ 168 ಜನರನ್ನು ಬಾಂಬಿಟ್ಟು ಕೊಂದ ಟಿಮೊಥಿ ಮೆಕ್‌ವೇ ಕೊಲ್ಲಿ ಯುದ್ಧದ ಪದಕ ಪಡೆದವನು. ಅವನಿಗೂ ಸೇನಾ ಗೌರವ ಸಲ್ಲಬೇಕೇ ಎಂಬ ಪ್ರಶ್ನೆ ಎದ್ದು, ಮರಣದಂಡನೆಗೆ ತಕ್ಕ ಅಪರಾಧ ಸಾಬೀತಾದವರನ್ನು ರಾಷ್ಟ್ರೀಯ ಸ್ಮಶಾನಗಳಿಂದ ದೂರವಿಡುವ ಕಾನೂನು 1997ರಲ್ಲಿ ಬಂತು. 2005ರಲ್ಲಿ ಅದರ ಸಂದಿಯಿಂದಲೂ ಒಬ್ಬ ನುಸುಳಿದ. ವೃದ್ಧ ದಂಪತಿಯನ್ನು ಕೊಂದು ಜೀವಾವಧಿ ಶಿಕ್ಷೆಯಲ್ಲಿದ್ದವನ ಬೂದಿ ಆರ್ಲಿಂಗ್ಟನ್ ಸೇರಿತು. ಕೊಲೆಯಾದವರ ಮಗ ಪಟ್ಟುಬಿಡದೆ ಹೋರಾಡಿದ್ದರಿಂದ 2006ರ ಕಾಯ್ದೆಯ ಮೂಲಕ ಅದನ್ನು ತೆಗೆಸಬೇಕಾಯಿತು.

ಈಗಿನ ದೊಡ್ಡ ಜಗಳ ಜಾಗದ್ದೇ. ದಕ್ಷಿಣ ಬದಿಗೆ ಸ್ಮಶಾನವನ್ನು ವಿಸ್ತರಿಸುವ ಕೆಲಸ ನಡೆದಿದೆ. ಆದರೂ ಇದೇ ನಿಯಮ ಮುಂದುವರಿದರೆ ಈ ಶತಮಾನದ ನಡುವಿನ ಹೊತ್ತಿಗೆ ಜಾಗ ಮುಗಿಯುತ್ತದೆಂಬುದು ಸೇನೆಯ ಲೆಕ್ಕ. ಸ್ಮಶಾನ ಇನ್ನೂ 150 ವರ್ಷ ತೆರೆದಿರಬೇಕೆಂಬ ಗುರಿಯಿಟ್ಟುಕೊಂಡು 2019ರಲ್ಲಿ ಸೇನೆ ಹೊಸ ಪ್ರಸ್ತಾವ ಮುಂದಿಟ್ಟಿತು. ಅದರ ಪ್ರಕಾರ ಮಣ್ಣಿನಲ್ಲಿ ಜಾಗ ಸಿಗುವುದು ಮುಖ್ಯವಾಗಿ ಯುದ್ಧದಲ್ಲಿ ಮಡಿದವರಿಗೆ, ಗಾಯಗೊಂಡವರಿಗೆ, ದೊಡ್ಡ ಶೌರ್ಯ ಪದಕದವರಿಗೆ, ಯುದ್ಧಕೈದಿಗಳಿಗೆ. ಇಪ್ಪತ್ತು ಮೂವತ್ತು ವರ್ಷ ದುಡಿದು ನಿವೃತ್ತರಾದವರಿಗೆ ಬೂದಿಯ ಗೂಡು ಮಾತ್ರ. ಮಾಜಿ ಸೈನಿಕರ ಸಂಘಗಳು ಕೆರಳಿದವು. ಅವರ ವಾದ ನನಗೆ ಒಪ್ಪಿಗೆ. ಸೈನಿಕ ತನ್ನ ಠಾಣ್ಯವನ್ನು ತಾನೇ ಆರಿಸಿಕೊಳ್ಳುವುದಿಲ್ಲ. ಒಬ್ಬನನ್ನು ರಣರಂಗಕ್ಕೆ, ಇನ್ನೊಬ್ಬನನ್ನು ಉಗ್ರಾಣಕ್ಕೆ ಕಳಿಸಿದ್ದು ಅದೇ ಸೇನೆ. ಜಾಗ ಉಳಿಸಲೇಬೇಕಿದ್ದರೆ ಮೊದಲು ಹುದ್ದೆಯ ಬಲದಿಂದ ಬರುವವರ ದಾರಿಯನ್ನು ಕಿರಿದು ಮಾಡಲಿ.

ವಾಷಿಂಗ್ಟನ್ ಕಡೆ ಇರುವ ಮಗನ ಮನೆಗೋ ಮಗಳ ಮನೆಗೋ ಹೋಗುವ ಕನ್ನಡಿಗರು ಒಂದು ಬೆಳಿಗ್ಗೆಯನ್ನು ಆರ್ಲಿಂಗ್ಟನ್ನಿಗೆಂದು ತೆಗೆದಿಡಬಹುದು. ಪ್ರವೇಶ ಉಚಿತ, ಮೆಟ್ರೊ ರೈಲು ಬಾಗಿಲ ಬಳಿಗೇ ಹೋಗುತ್ತದೆ. 46ನೇ ವಿಭಾಗದಲ್ಲಿ 2003ರಲ್ಲಿ ಸಿಡಿದ ಕೊಲಂಬಿಯಾ ಗಗನನೌಕೆಯ ಸ್ಮಾರಕವಿದ್ದು, ಅದರಲ್ಲಿ ನಮ್ಮ ಕರ್ನಾಲ್‌ನ ಹುಡುಗಿ ಕಲ್ಪನಾ ಚಾವ್ಲಾ ಅವರ ಹೆಸರೂ ಇದೆ. ಸೇನೆಯಿಂದ ಬಂದ ಮೂವರು ಸಹಯಾನಿಗಳು ಆರ್ಲಿಂಗ್ಟನ್ನಿನಲ್ಲೇ ಮಣ್ಣಾದರು. ನಾಗರಿಕರಾಗಿದ್ದ ಕಲ್ಪನಾ ಅವರ ಚಿತಾಭಸ್ಮವನ್ನು ಅವರ ಇಚ್ಛೆಯಂತೆ ಯೂಟಾ ರಾಜ್ಯದ ಝಯಾನ್ ರಾಷ್ಟ್ರೀಯ ಉದ್ಯಾನದಲ್ಲಿ ಚೆಲ್ಲಲಾಯಿತು.